ವೃದ್ಧಾಶ್ರಮದ ಮಾತ್ರೆ ಪಟ್ಟಿ ಮತ್ತು ಮೂಳೆ ಮುರಿತ: ಪರೀಕ್ಷೆಗೆ ಮುನ್ನ

ಬೆಂಗಳೂರಿನ ಆರೈಕೆ ಕೇಂದ್ರಗಳಿಗೆ ನಿಯೋಜನೆಯ ಮೇಲೆ ಹೋಗುವ ನರ್ಸಿಂಗ್ ಸಹಪಾಠಿಗಳಿಗೆ. ಪಟ್ಟಿ ಕೈಗೆ ಬಂದೊಡನೆ ನಾನು ಪ್ರತಿ ಮಾತ್ರೆಯ ಪಕ್ಕ ನನ್ನ ಪ್ರತಿಯಲ್ಲಿ ‘ಬೀ’ ಅಥವಾ ‘ಮೂ’ ಎಂದು ಗುರುತಿಸುತ್ತೇನೆ. ಬೀಳಿಸುವುದು ಬೀ, ಮೂಳೆ ಸವೆಸುವುದು ಮೂ. ಆಲ್‌ಪ್ರಜೋಲಮ್ (ಆತಂಕಕ್ಕೆ), ಕ್ವೆಟಿಯಾಪಿನ್ (ಮನೋರೋಗಕ್ಕೆ), ಟ್ರಮಡಾಲ್ (ನೋವಿಗೆ) ಬೀ. ತಿಂಗಳುಗಟ್ಟಲೆ ನುಂಗುವ ಸ್ಟೀರಾಯ್ಡ್ ಪ್ರೆಡ್ನಿಸೊಲೋನ್ ಮೂ. ಮೂರ್ಛೆಗೆ ಕೊಡುವ ಫೆನಿಟಾಯ್ನ್ ಎರಡೂ: ತಲೆ ತಿರುಗಿಸುತ್ತದೆ, ವಿಟಮಿನ್ ಡಿಯನ್ನೂ ಕಡಿಮೆ ಮಾಡುತ್ತದೆ. ಎದ್ದು ನಿಂತ 3 ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20 ಇಳಿದರೆ ಆ ಬಿಪಿ ಮಾತ್ರೆಗೂ ಬೀ. ಮಿದುಳಿನ ಮೇಲೆ ಕೆಲಸ ಮಾಡುವ ಮೂರು ಮಾತ್ರೆ ಒಟ್ಟಿಗೆ ಇದ್ದರೆ ಬಿಯರ್ಸ್ ಮಾನದಂಡದ (ವೃದ್ಧರಿಗೆ ತಪ್ಪಿಸಬೇಕಾದ ಔಷಧಗಳ ಪಟ್ಟಿ) ಪ್ರಕಾರ ಅದು ತಪ್ಪಿಸಬೇಕಾದ ಸಂಯೋಜನೆ.

ಇಷ್ಟು ಸುಲಭ. ತಲೆ ಕೆಡಿಸಿದ್ದು ಮುಂದಿನದು: ಬೀ ಹೆಚ್ಚಿದ್ದವರಿಗೆಲ್ಲ ಮುರಿತವೂ ಹೆಚ್ಚಬೇಕಲ್ಲವೇ? ಅಗತ್ಯವಿಲ್ಲ. ಒಂದೇ ಕೊಠಡಿಯ ಇಬ್ಬರು ಅಜ್ಜಿಯರನ್ನು ಊಹಿಸಿಕೊಳ್ಳಿ. ಒಬ್ಬರಿಗೆ ಐದು ಬೀ, ಆದರೆ ಹಾಸಿಗೆಯಿಂದ ಎಬ್ಬಿಸಲು ಇಬ್ಬರು ಆಯಾಗಳು ಬೇಕು. ಇನ್ನೊಬ್ಬರಿಗೆ ಒಂದೇ ಬೀ, ಆದರೆ ರಾತ್ರಿ ಎರಡು ಗಂಟೆಗೆ ವಾಕರ್ ಬಿಟ್ಟು, ಗೋಡೆ ಹಿಡಿದು, ಒದ್ದೆ ಬಚ್ಚಲಿಗೆ ತಾವೇ ನಡೆಯುತ್ತಾರೆ. ಸೊಂಟ ಮುರಿಯುವ ಭಯ ಎರಡನೆಯವರಿಗೇ ಹೆಚ್ಚು; ನಡೆಯದವರು ಬೀಳುವುದೆಲ್ಲಿಂದ? ಇಬ್ಬರನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದರೆ ಐದು ಮಾತ್ರೆಗಳೂ ನಿರಪರಾಧಿಗಳಂತೆ ಕಾಣುತ್ತವೆ. ಆದ್ದರಿಂದ ನಡೆಯುವವರನ್ನು ನಡೆಯುವವರ ಜೊತೆಗೇ ಹೋಲಿಸಬೇಕು.

ಇದೇ ಗೊಂದಲ ತಿರುವುಮುರುವಾಗಿಯೂ ಬರುತ್ತದೆ. ಮೂಳೆ ಗಟ್ಟಿ ಮಾಡಲು ಕೊಡುವ ಅಲೆಂಡ್ರೊನೇಟ್ ನುಂಗುವವರಲ್ಲಿ ಮುರಿತ ಹೆಚ್ಚೆಂದು ಅಂಕಿಗಳು ತೋರಿಸಿದರೆ ಮಾತ್ರೆಯನ್ನು ದೂರಬೇಡಿ. ಮೂಳೆ ಈಗಾಗಲೇ ಟೊಳ್ಳಾದವರಿಗೇ, ಒಮ್ಮೆ ಮುರಿದುಕೊಂಡವರಿಗೇ ಅದನ್ನು ಬರೆದುಕೊಡುವುದು. ಮಾತ್ರೆ ಬರೆಯಲು ಕಾರಣವಾದ ರೋಗವೇ ಮಾತ್ರೆಯ ಹೆಸರಿನಲ್ಲಿ ಲೆಕ್ಕಕ್ಕೆ ನುಗ್ಗುತ್ತದೆ. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮುರಿತ ಹೆಚ್ಚಿಸುತ್ತದೆಯೇ ಎಂಬ ವಾದವೂ ಅರ್ಧ ಇದೇ. ಅದಕ್ಕೆ ನಾನು ‘ಮೂ?’ ಎಂದು ಹಾಕುತ್ತೇನೆ. ಗ್ಯಾಸ್ ಎಂದು ಶುರುವಾಗಿ ವರ್ಷಗಟ್ಟಲೆ ನಿಲ್ಲದ ಮಾತ್ರೆ ಇದು. ಹೊಟ್ಟೆಯ ಆಮ್ಲ ಕಡಿಮೆಯಾದರೆ ಮೂಳೆಗೆ ಕೊಡುವ ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆ ಸರಿಯಾಗಿ ಹೀರಲ್ಪಡುವುದಿಲ್ಲ, ಕ್ಯಾಲ್ಸಿಯಂ ಸಿಟ್ರೇಟ್‌ಗೆ ಆ ತೊಂದರೆ ಇಲ್ಲ.

ಅಲೆಂಡ್ರೊನೇಟ್ ಖಾಲಿ ಹೊಟ್ಟೆಗೆ, ಒಂದು ಲೋಟ ನೀರಿನೊಂದಿಗೆ; ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಕಾಫಿಯೂ ಇಲ್ಲ. ಅಷ್ಟು ಹೊತ್ತು ನೆಟ್ಟಗೆ ಕೂರಲಾಗದವರಿಗೆ ಇದು ಅನ್ನನಾಳ ಸುಡುವ ಮಾತ್ರೆ. ಅಂಥವರಿಗೆ ವರ್ಷಕ್ಕೊಮ್ಮೆ, ಅದೇ ಗುಂಪಿನ ಜೊಲೆಡ್ರೊನಿಕ್ ಆಮ್ಲದ ಡ್ರಿಪ್ ಸಾಧ್ಯವೇ ಎಂದು ವೈದ್ಯರನ್ನು ಕೇಳಿ, ಕಿಡ್ನಿಯ ವರದಿ ಕೈಯಲ್ಲಿಟ್ಟುಕೊಂಡು.