ಒತ್ತಿದ್ದು ಕಾಲೋ, ಕಲ್ಲೋ?

ಕಳೆದ ಬೇಸಿಗೆಯ ಒಂದು ಸಂಜೆ, ಚಿಕ್ಕಬಳ್ಳಾಪುರದ ಪಕ್ಕದ ನಮ್ಮೂರಿನಲ್ಲಿ ಕೋಡಿಯ ಕಡೆಯಿಂದ ಕೆರೆ ಏರಿಯ ಮೇಲಕ್ಕೆ ಹತ್ತುವ ದಾರಿಯಲ್ಲಿ ಅಣ್ಣನ ಮಗ ತನ್ನ ಹೊಸ ಸೈಕಲ್ ತುಳಿಯುವುದನ್ನು ನಾನು ಹಿಂದಿನಿಂದ ನೋಡುತ್ತ ನಿಂತಿದ್ದೆ. ಮುಂದೆ ಎರಡು ಶಾಕ್, ಸೀಟಿನ ಕೆಳಗೆ ಕೆಂಪು ಬಣ್ಣದ ದಪ್ಪ ಸ್ಪ್ರಿಂಗ್ ಇರುವ ಸೈಕಲ್ ಅದು. ಅವನು ಒಂದೊಂದು ಸಲ ಪೆಡಲ್ ಒತ್ತಿದಾಗಲೂ ಆ ಸ್ಪ್ರಿಂಗ್ ಮುಚ್ಚಿಕೊಂಡು ಮತ್ತೆ ತೆರೆದುಕೊಳ್ಳುತ್ತಿತ್ತು, ಸೀಟು ಕುಸಿದು ಮೇಲೇಳುತ್ತಿತ್ತು, ಸೈಕಲ್ ಮಾತ್ರ ಮುಂದಕ್ಕೆ ಹೋಗಲು ಹಿಂದೇಟು ಹಾಕುತ್ತಿತ್ತು. ಏರಿಯ ಮೇಲೆ ಕಾಲೂರಿ ನಿಂತು ಏದುಸಿರು ಬಿಡುತ್ತ ಅವನು ಕೇಳಿದ: "ಚಿಕ್ಕಪ್ಪ, ಎರಡೂ ಕಡೆ ಶಾಕ್ ಇದ್ದೂ ಯಾಕೆ ಇಷ್ಟು ಸುಸ್ತಾಗುತ್ತೆ?"

ಇದು ಬಹಳ ಒಳ್ಳೆಯ ಪ್ರಶ್ನೆ. ಬೆಟ್ಟದ ಸೈಕಲ್‌ಗಳಲ್ಲಿ ಎರಡು ಬಗೆಯಿವೆ. ಮುಂದಿನ ಚಕ್ರವನ್ನು ಹಿಡಿದ ಫೋರ್ಕಿನಲ್ಲಿ ಮಾತ್ರ ಸಸ್ಪೆನ್ಷನ್, ಅಂದರೆ ಕುಲುಕಾಟ ತಗ್ಗಿಸುವ ಏರ್ಪಾಡು, ಇದ್ದು, ಹಿಂದಿನ ಚಕ್ರ ನೇರವಾಗಿ ಫ್ರೇಮಿಗೇ ಕೂತಿದ್ದರೆ ಅದು ಹಾರ್ಡ್‌ಟೇಲ್. ಫ್ರೇಮನ್ನು ಎರಡು ಭಾಗ ಮಾಡಿ, ಹಿಂದಿನ ಭಾಗ ಕೀಲಿನ ಮೇಲೆ ಆಡುವಂತೆ ಇರಿಸಿ, ನಡುವೆ ಶಾಕ್ ಕೂರಿಸಿದರೆ ಅದು ಫುಲ್ ಸಸ್ಪೆನ್ಷನ್. ಎರಡರಲ್ಲಿ ಯಾವುದನ್ನು ಕೊಳ್ಳಬೇಕೆಂದು ಕೇಳುವವರು ಸಾಮಾನ್ಯವಾಗಿ ಬೆಲೆಯನ್ನೂ ತೂಕವನ್ನೂ ಹೋಲಿಸುತ್ತಾರೆ. ಆದರೆ ನಿಜವಾದ ಉತ್ತರ ಇರುವುದು, ಆ ಶಾಕ್‌ಗೆ ಕಾಲಿನ ಒತ್ತಡಕ್ಕೂ ಕಲ್ಲಿನ ಹೊಡೆತಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆಯೇ ಎಂಬುದರಲ್ಲಿ.

ಸ್ಪ್ರಿಂಗಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಭಾರ ಬಿದ್ದರೆ ಕುಗ್ಗುವುದು, ಭಾರ ತೆಗೆದರೆ ಹಿಗ್ಗುವುದು, ಅದಕ್ಕೆ ಗೊತ್ತಿರುವುದು ಇಷ್ಟೇ. ಇಲ್ಲಿ ಸ್ವಲ್ಪ ಲೆಕ್ಕ ಹಾಕಿದರೆ ಬೆರಗಾಗುವಂಥ ಒಂದು ಸಂಗತಿ ಕಾಣಿಸುತ್ತದೆ. ಹಿಂದಿನ ಚಕ್ರ 120 ಮಿಲಿಮೀಟರ್‌ನಷ್ಟು ಮೇಲಕ್ಕೆ ಆಡಬಲ್ಲ ಸೈಕಲ್ಲೊಂದನ್ನು ತೆಗೆದುಕೊಳ್ಳಿ. ಸವಾರ ಸುಮ್ಮನೆ ಕೂತಾಗಲೇ ಅದರ ನಾಲ್ಕನೇ ಒಂದು ಭಾಗ, ಅಂದರೆ 30 ಮಿಲಿಮೀಟರ್, ಕುಸಿದಿರಬೇಕೆಂಬುದು ರೂಢಿ. ಇದಕ್ಕೆ ಸ್ಯಾಗ್ ಎನ್ನುತ್ತಾರೆ. ಚಕ್ರ ತಗ್ಗಿಗೆ ಬಿದ್ದಾಗಲೂ ನೆಲವನ್ನು ಬಿಡದೆ ಕೆಳಕ್ಕೆ ಚಾಚಿಕೊಳ್ಳಲು ಈ ಕುಸಿತ ಬೇಕು. ಒಂದು ಸ್ಪ್ರಿಂಗ್ ತನ್ನ ಮೇಲಿನ ಭಾರಕ್ಕೆ ಎಷ್ಟು ಕುಸಿದಿದೆ ಎಂಬುದು ತಿಳಿದರೆ, ತಟ್ಟಿಬಿಟ್ಟಾಗ ಅದು ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದನ್ನೂ ಲೆಕ್ಕ ಹಾಕಬಹುದು. 30 ಮಿಲಿಮೀಟರ್ ಕುಸಿತಕ್ಕೆ ಆ ಸಹಜ ಆವೃತ್ತಿ ಸೆಕೆಂಡಿಗೆ ಸುಮಾರು 2.9 ಸಲ. ಇನ್ನು ಪೆಡಲಿನ ಕಡೆ ನೋಡಿ. ನಿಮಿಷಕ್ಕೆ 80ರಿಂದ 90 ಸುತ್ತು ತುಳಿಯುವುದು ಪಳಗಿದ ಸವಾರರ ಅಭ್ಯಾಸ, ಒಂದು ಸುತ್ತಿಗೆ ಎಡಗಾಲಿನದೊಂದು, ಬಲಗಾಲಿನದೊಂದು ಒತ್ತು. ಅಂದರೆ ಸೆಕೆಂಡಿಗೆ 2.7ರಿಂದ 3 ಒತ್ತುಗಳು.

ಎರಡು ಸಂಖ್ಯೆಗಳೂ ಹೆಚ್ಚುಕಡಿಮೆ ಒಂದೇ. ಉಯ್ಯಾಲೆ ಹಿಂದಕ್ಕೆ ಬಂದ ಕ್ಷಣಕ್ಕೆ ಸರಿಯಾಗಿ ಮೆಲ್ಲಗೆ ತಳ್ಳುತ್ತ ಹೋದರೆ ಅದು ಹೇಗೆ ಎತ್ತರೆತ್ತರಕ್ಕೆ ಏರುತ್ತದೆಯೋ, ಹಾಗೆಯೇ ನಮ್ಮ ಕಾಲುಗಳು ಆ ಸ್ಪ್ರಿಂಗನ್ನು ಅದರದೇ ತಾಳದಲ್ಲಿ ತೂಗುತ್ತ ಹೋಗುತ್ತವೆ. ಭೌತಶಾಸ್ತ್ರದಲ್ಲಿ ಇದನ್ನೇ ಅನುರಣನೆ ಎನ್ನುವುದು. ಚಕ್ರವನ್ನು ತಿರುಗಿಸಬೇಕಾಗಿದ್ದ ಶಕ್ತಿಯ ಒಂದಂಶ ಸೀಟನ್ನು ಮೇಲೆ ಕೆಳಗೆ ಆಡಿಸುವುದರಲ್ಲೇ ಕರಗಿಹೋಗುತ್ತದೆ.

ಅದೇ ಸ್ಪ್ರಿಂಗ್ ಕಲ್ಲಿನ ಮುಂದೆ ಬೇರೆಯೇ ರೀತಿ ವರ್ತಿಸುತ್ತದೆ. 29 ಇಂಚಿನ ಚಕ್ರ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ 5 ಸೆಂಟಿಮೀಟರ್ ಎತ್ತರದ ಕಲ್ಲಿಗೆ ತಾಗಿತೆನ್ನಿ. ಟೈರು ಕಲ್ಲನ್ನು ಮುಟ್ಟಿದ ಗಳಿಗೆಯಿಂದ ಅದರ ನೆತ್ತಿಗೇರುವಷ್ಟರಲ್ಲಿ ಸೈಕಲ್ ಮುಂದೆ ಸಾಗುವುದು ಒಂದು ಗೇಣಿಗಿಂತಲೂ ಕಡಿಮೆ ದೂರ, ಅದಕ್ಕೆ ಹಿಡಿಯುವ ಸಮಯ ಒಂದು ಸೆಕೆಂಡಿನ ಸುಮಾರು ನಲವತ್ತನೇ ಒಂದು ಪಾಲು. ಅಷ್ಟರೊಳಗೆ ಚಕ್ರದ ಗುಂಬ 5 ಸೆಂಟಿಮೀಟರ್ ಮೇಲೇಳಬೇಕು, ಅಂದರೆ ಸೆಕೆಂಡಿಗೆ ಸುಮಾರು 2 ಮೀಟರ್ ವೇಗದಲ್ಲಿ. ಹಾರ್ಡ್‌ಟೇಲ್ ಮೇಲೆ ಸವಾರ ಗಟ್ಟಿಯಾಗಿ ಕೂತಿದ್ದರೆ ಚಕ್ರದ ಜೊತೆಗೆ ಅವನೂ ಅದೇ ವೇಗದಲ್ಲಿ ಮೇಲಕ್ಕೆ ಎಸೆಯಲ್ಪಡುತ್ತಾನೆ. ಸೊಂಟಕ್ಕೆ ಗುದ್ದು ಬೀಳುವುದು ಹೀಗೆ. ಹಿಂಬದಿಯಲ್ಲಿ ಸಸ್ಪೆನ್ಷನ್ ಇದ್ದರೆ ಚಕ್ರ ಮತ್ತು ಅದನ್ನು ಹಿಡಿದ ತೋಳುಗಳು, ಎಲ್ಲ ಸೇರಿ ಮೂರು ಕಿಲೋ ಆಸುಪಾಸಿನ ತೂಕ, ಅಷ್ಟೇ ಮೇಲೇಳುತ್ತದೆ. ಸವಾರ ಬಹುಮಟ್ಟಿಗೆ ಇದ್ದಲ್ಲೇ ಇರುತ್ತಾನೆ.

ಆದ್ದರಿಂದ ಕಾಲಿಗೂ ಕಲ್ಲಿಗೂ ಇರುವ ವ್ಯತ್ಯಾಸ ವೇಗದ್ದು. ಪೆಡಲಿನ ಒತ್ತಿಗೆ ಹಿಂಬದಿ ಒಂದು ಸೆಂಟಿಮೀಟರ್ ಕುಸಿದರೂ ಅದಕ್ಕೆ ಸೆಕೆಂಡಿನ ಐದನೇ ಒಂದು ಪಾಲು ಹಿಡಿಯುತ್ತದೆ, ಅಂದರೆ ಸೆಕೆಂಡಿಗೆ 5 ಸೆಂಟಿಮೀಟರ್ ವೇಗ. ಕಲ್ಲು ಅದಕ್ಕಿಂತ ನಲವತ್ತು ಪಟ್ಟು ಬಿರುಸು. ಈ ಅಂತರವನ್ನು ಗುರುತಿಸುವ ಭಾಗದ ಹೆಸರು ಡ್ಯಾಂಪರ್. ಒಳ್ಳೆಯ ಶಾಕ್ ಒಂದನ್ನು ಬಿಚ್ಚಿದರೆ ಎಣ್ಣೆ ತುಂಬಿದ ಕೊಳವೆ, ಅದರೊಳಗೆ ತೂತುಗಳಿರುವ ಪಿಸ್ಟನ್, ಆ ತೂತುಗಳನ್ನು ಮುಚ್ಚಿಕೊಂಡು ಒಂದರ ಮೇಲೊಂದು ಪೇರಿಸಿದ ಉಕ್ಕಿನ ತೆಳು ಬಿಲ್ಲೆಗಳು ಕಾಣುತ್ತವೆ. ನಿಧಾನವಾದ ಚಲನೆಗೆ ಎಣ್ಣೆ ಪಕ್ಕದ ಸಣ್ಣ ತೂತೊಂದರ ಮೂಲಕವೇ ತೂರಿಕೊಂಡು ಹೋಗಬೇಕು. ದಾರಿ ಇಕ್ಕಟ್ಟಾದ್ದರಿಂದ ಶಾಕ್ ಬಿಗಿಯಾಗಿ ನಿಲ್ಲುತ್ತದೆ, ಕಾಲಿನ ಶಕ್ತಿ ಪೋಲಾಗುವುದಿಲ್ಲ. ಕಲ್ಲು ಬಡಿದಾಗ ಎಣ್ಣೆಯ ಒತ್ತಡ ಒಮ್ಮೆಲೇ ಏರಿ ಆ ಬಿಲ್ಲೆಗಳನ್ನು ಬಾಗಿಸುತ್ತದೆ, ದೊಡ್ಡ ತೂತುಗಳು ತೆರೆದುಕೊಂಡು ಶಾಕ್ ಸಲೀಸಾಗಿ ಕುಗ್ಗುತ್ತದೆ. ವಿದ್ಯುತ್ತಿಲ್ಲದೆ, ಗಣಕವಿಲ್ಲದೆ, ಎಣ್ಣೆ ಮತ್ತು ಬಾಗುವ ಉಕ್ಕು ಎರಡೇ ಸೇರಿ ಒತ್ತಿದ್ದು ಕಾಲೋ ಕಲ್ಲೋ ಎಂದು ತೀರ್ಮಾನಿಸುವ ಈ ಏರ್ಪಾಡು ನನ್ನ ಕಣ್ಣಿಗೆ ಸೈಕಲ್ಲಿನ ಅತ್ಯಂತ ಸುಂದರವಾದ ಭಾಗ. ಇದರ ಜೊತೆಗೆ ಹಿಂಬದಿಯ ಕೀಲನ್ನು ಎಲ್ಲಿ ಇಡಬೇಕೆಂಬುದನ್ನೂ ವಿನ್ಯಾಸಕಾರರು ಎಚ್ಚರದಿಂದ ಆರಿಸುತ್ತಾರೆ. ಸರಿಯಾದ ಜಾಗದಲ್ಲಿದ್ದರೆ, ತುಳಿದಾಗ ಬೀಳುವ ಚೈನಿನ ಎಳೆತವೇ ಹಿಂಬದಿ ಕುಸಿಯದಂತೆ ಹಿಡಿದುಕೊಳ್ಳುತ್ತದೆ.

ಅಣ್ಣನ ಮಗನ ಸೈಕಲ್ಲನ್ನು ಏರಿಯ ಮೇಲೆ ನಿಲ್ಲಿಸಿ, ಸೀಟನ್ನು ಎರಡೂ ಅಂಗೈಯಿಂದ ಜೋರಾಗಿ ಅದುಮಿ ಬಿಟ್ಟೆವು. ಸೀಟು ಮೇಲೆದ್ದಿತು, ಮತ್ತೆ ಕುಸಿಯಿತು, ಮತ್ತೆ ಎದ್ದಿತು, ಮೂರನೆಯ ಸಲ ಕುಪ್ಪಳಿಸಿ ನಿಂತಿತು. ಡ್ಯಾಂಪರ್ ಇರುವ ಶಾಕ್ ಹಾಗೆ ಮಾಡುವುದಿಲ್ಲ, ಒಂದೇ ಸಲ ಮೇಲೆದ್ದು ಸುಮ್ಮನಾಗುತ್ತದೆ. ಆ ಕೆಂಪು ಸ್ಪ್ರಿಂಗಿನ ನಡುವೆ ಎಣ್ಣೆಯೂ ಇರಲಿಲ್ಲ, ಬಿಲ್ಲೆಯೂ ಇರಲಿಲ್ಲ, ಒಂದು ಸರಳು ಮಾತ್ರ ಇತ್ತು. ಹತ್ತು ಹದಿನೈದು ಸಾವಿರ ರೂಪಾಯಿಗೆ ಎರಡೂ ಕಡೆ ಶಾಕ್ ಎಂದು ಮಾರುವ ಸೈಕಲ್‌ಗಳಲ್ಲಿ ಹೆಚ್ಚಿನವು ಹೀಗೆಯೇ ಇರುತ್ತವೆ. ರೇಷ್ಮೆಗೂಡಿನ ಒಂದು ಬೆಳೆಯ ದುಡ್ಡಿನಲ್ಲಿ ಮಗನಿಗೆ ಆಸೆಪಟ್ಟು ಸೈಕಲ್ ತಂದುಕೊಡುವ ತಂದೆಗೆ, ಹೊಳೆಯುವ ಸ್ಪ್ರಿಂಗ್ ಹೆಚ್ಚಿನ ಸೌಕರ್ಯದಂತೆ ಕಾಣುವುದು ಸಹಜ. ಅವನು ನಿಜವಾಗಿ ಕೊಂಡದ್ದು ಕೆಲವು ಕಿಲೋ ಹೆಚ್ಚಿನ ಕಬ್ಬಿಣ, ಎರಡು ವರ್ಷದಲ್ಲಿ ಬುಷ್ ಸವೆದು ಅಲುಗಾಡುವ ಕೀಲು ಮತ್ತು ಕಾಲಿನ ಶಕ್ತಿಯನ್ನು ನುಂಗುವ ಒಂದು ಉಯ್ಯಾಲೆ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ: ಆ ಬೆಲೆಯಲ್ಲಿ ಹಿಂದೆ ಶಾಕ್ ಇರುವ ಸೈಕಲ್ಲನ್ನು ಕೊಳ್ಳಬಾರದು.

ಒಳ್ಳೆಯ ಡ್ಯಾಂಪರ್ ಇರುವ ಫುಲ್ ಸಸ್ಪೆನ್ಷನ್ ಸೈಕಲ್‌ಗಳ ಬೆಲೆ ಸಾಮಾನ್ಯವಾಗಿ ಒಂದು ಲಕ್ಷ ರೂಪಾಯಿಯನ್ನು ದಾಟುತ್ತದೆ. ಅವು ಏರಿನಲ್ಲಿ ನಿಧಾನ ಎಂಬ ಹಳೆಯ ನಂಬಿಕೆ ಈಗ ಪೂರ್ತಿ ನಿಜವಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನ ಕ್ರಾಸ್‌ಕಂಟ್ರಿ ಸ್ಪರ್ಧೆಯಲ್ಲಿ ಚೆಕ್ ದೇಶದ ಯಾರೋಸ್ಲಾವ್ ಕುಲ್ಹಾವಿ ಫುಲ್ ಸಸ್ಪೆನ್ಷನ್ ಸೈಕಲ್ ಮೇಲೆ, ಹಾರ್ಡ್‌ಟೇಲ್ ಮೇಲಿದ್ದ ಸ್ವಿಟ್ಜರ್ಲೆಂಡಿನ ನಿನೊ ಶುರ್ಟರ್ ಅವರನ್ನು ಒಂದೇ ಸೆಕೆಂಡಿನಿಂದ ಹಿಂದಿಕ್ಕಿದರು. ನಾಲ್ಕು ವರ್ಷಗಳ ನಂತರ ರಿಯೊದಲ್ಲಿ ಶುರ್ಟರ್ ಚಿನ್ನ ಗೆದ್ದಾಗ ಅವರ ಕೆಳಗೂ ಇದ್ದದ್ದು ಫುಲ್ ಸಸ್ಪೆನ್ಷನ್ನೇ.

ತೂಕದ ಲೆಕ್ಕವನ್ನು ನಮ್ಮ ನಂದಿ ಬೆಟ್ಟದ ಮೇಲೆ ಇಟ್ಟು ನೋಡೋಣ. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್, ತಪ್ಪಲಿನಿಂದ ಹತ್ತಬೇಕಾದ್ದು ಸುಮಾರು 500 ಮೀಟರ್. ಹಿಂದಿನ ಶಾಕ್ ಮತ್ತು ಕೀಲುಗಳಿಂದ ಸೈಕಲ್ ಎರಡು ಕಿಲೋ ಹೆಚ್ಚು ತೂಗಿದರೆ, ಆ ಹೆಚ್ಚುವರಿ ಭಾರವನ್ನು ನೆತ್ತಿಗೆ ಮುಟ್ಟಿಸಲು ದೇಹ ಖರ್ಚು ಮಾಡುವುದು ಸುಮಾರು 10 ಕಿಲೋಕ್ಯಾಲರಿ. ಒಂದು ಸಣ್ಣ ಏಲಕ್ಕಿ ಬಾಳೆಹಣ್ಣಿನಲ್ಲಿ ಅದರ ಹಲವು ಪಟ್ಟು ಇದೆ. ಸವಾರ ಮತ್ತು ಸೈಕಲ್ ಸೇರಿ 85 ಕಿಲೋ ಎಂದುಕೊಂಡರೆ, 50 ನಿಮಿಷದ ಏರಿಗೆ ಹೆಚ್ಚಾಗುವುದು ಒಂದು ನಿಮಿಷಕ್ಕಿಂತ ತುಸು ಜಾಸ್ತಿ. ಸ್ಪರ್ಧೆಗೆ ಇಳಿಯುವವರಿಗೆ ಇದು ದೊಡ್ಡದು, ಭಾನುವಾರದ ಬೆಳಗ್ಗೆ ಮಂಜು ನೋಡಲು ಹತ್ತುವವರಿಗೆ ಅಲ್ಲ. ಆದರೆ ನಂದಿಯ ದಾರಿ ಡಾಂಬರಿನದು. ಅಲ್ಲಿ ಹಿಂದಿನ ಶಾಕ್‌ಗೆ ಮಾಡಲು ಕೆಲಸವೇ ಇಲ್ಲ.

ಕೆಲಸ ಇರುವುದು ಡಾಂಬರು ಮುಗಿದ ಮೇಲೆ. ನಮ್ಮ ಜಿಲ್ಲೆಯ ಬಂಡೆಗಳು ಹೆಚ್ಚಾಗಿ ಗ್ರಾನೈಟ್ ಮತ್ತು ನೈಸ್ ಶಿಲೆಗಳು. ಅವು ಮಳೆ ಬಿಸಿಲಿಗೆ ಶಿಥಿಲವಾದಾಗ ಫೆಲ್ಡ್‌ಸ್ಪಾರ್ ಖನಿಜ ಜೇಡಿಯಾಗುತ್ತದೆ, ಬೆಣಚು ಮಾತ್ರ ಕರಗದೆ ಕಾಳುಕಾಳಾಗಿ ಉಳಿಯುತ್ತದೆ. ನೀಲಗಿರಿ ತೋಪುಗಳ ನಡುವಿನ ದಾರಿಗಳಲ್ಲಿ ಗಟ್ಟಿ ನೆಲದ ಮೇಲೆ ಹರಡಿಕೊಂಡಿರುವ ಗರಸು ಇದೇ. ಅದರ ಮೇಲೆ ಚಡಾವು ಹತ್ತುವಾಗ ಹಿಂದಿನ ಚಕ್ರ ಒಂದು ಕಲ್ಲಿಗೆ ತಾಗಿ ಕ್ಷಣಕಾಲ ನೆಲ ಬಿಟ್ಟರೂ ಸಾಕು, ಗಾಲಿ ಸುಮ್ಮನೆ ತಿರುಗಿ ಸೈಕಲ್ ನಿಂತುಬಿಡುತ್ತದೆ. ಹಿಡಿತವೆಂಬುದು ಟೈರು ನೆಲವನ್ನು ಎಷ್ಟು ಒತ್ತುತ್ತಿದೆ ಎಂಬುದನ್ನು ಅವಲಂಬಿಸಿದೆ, ನೆಲ ಬಿಟ್ಟ ಚಕ್ರಕ್ಕೆ ಹಿಡಿತವಿಲ್ಲ. ಬ್ರೇಕ್ ಹಾಕಿ ಇಳಿಯುವಾಗಲೂ ಇದೇ ಮಾತು. ಒಳ್ಳೆಯ ಶಾಕ್ ಮೆತ್ತನೆಯ ಸವಾರಿಯನ್ನು ಕೊಡುವುದಕ್ಕಿಂತ ಮೊದಲು ಚಕ್ರವನ್ನು ನೆಲಕ್ಕೆ ಅಂಟಿಸಿಡುತ್ತದೆ. ಫುಲ್ ಸಸ್ಪೆನ್ಷನ್ನಿನ ಬೆಲೆ ಸಾರ್ಥಕವಾಗುವುದು ಇಲ್ಲಿ, ಮತ್ತು ಕೋಲಾರದ ಅಂತರಗಂಗೆಯ ಸುತ್ತ ಕಾಣುವಂಥ ಗುಂಡುಬಂಡೆಗಳ ನೆಲದಲ್ಲಿ. ಟ್ರ್ಯಾಕ್ಟರ್ ಓಡಾಡಿ ಅಲೆ ಎದ್ದ ಮಣ್ಣಿನ ರಸ್ತೆಯಲ್ಲೂ ಅದರ ಗುಣ ತಿಳಿಯುತ್ತದೆ, ಆದರೆ ವೇಗವಿದ್ದರೆ ಮಾತ್ರ. ಅಲೆಗಳು 60 ಸೆಂಟಿಮೀಟರ್ ಅಂತರದಲ್ಲಿದ್ದರೆ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಒಂಬತ್ತು ಕುಲುಕಾಟ ಬರುತ್ತದೆ. ಅದು ಶಾಕ್‌ನ ಸಹಜ ಆವೃತ್ತಿಗಿಂತ ಬಹಳ ಹೆಚ್ಚಾದ್ದರಿಂದ ಸವಾರನವರೆಗೆ ಅಷ್ಟಾಗಿ ತಲುಪುವುದಿಲ್ಲ. ಗಂಟೆಗೆ 6 ಕಿಲೋಮೀಟರ್‌ಗೆ ಇಳಿದರೆ ಅದು ಸೆಕೆಂಡಿಗೆ ಮೂರರ ಹತ್ತಿರ ಬಂದು, ಮತ್ತೆ ಅದೇ ಉಯ್ಯಾಲೆ.

ಬೆಲೆ ಕೊಟ್ಟು ತಂದರೆ ಮುಗಿಯಲಿಲ್ಲ. ಸ್ಪ್ರಿಂಗಿನ ಬದಲು ಒತ್ತಿ ತುಂಬಿದ ಗಾಳಿಯಿಂದ ಕೆಲಸ ಮಾಡುವ ಶಾಕ್‌ಗಳ ಒಳಭಾಗವನ್ನು ಸುಮಾರು 50 ಗಂಟೆಗಳ ಸವಾರಿಗೊಮ್ಮೆ ಬಿಚ್ಚಿ ಶುಚಿ ಮಾಡಿ, ಎಣ್ಣೆ ಬದಲಿಸಬೇಕು. ಬೇಸಿಗೆಯಲ್ಲಿ ನಮ್ಮ ಕೆಂಪು ಧೂಳು ಸೀಲುಗಳನ್ನೂ ಕೀಲಿನ ಬೇರಿಂಗುಗಳನ್ನೂ ಬೇಗ ತಿನ್ನುತ್ತದೆ. ಊರಿನ ಪಂಕ್ಚರ್ ಅಂಗಡಿಯವರಿಗೆ ಈ ಕೆಲಸಕ್ಕೆ ಬೇಕಾದ ಸಲಕರಣೆ ಇರುವುದಿಲ್ಲ, ಬೆಂಗಳೂರಿಗೇ ಒಯ್ಯಬೇಕು. ವಾರಕ್ಕೆ ಮೂರು ದಿನ ಬಂಡೆಗಳ ಮೇಲೆ ಓಡಿಸುವವರಿಗೆ ಇದೆಲ್ಲ ಭಾರವಲ್ಲ. ಕಾಲೇಜಿಗೆ, ತೋಟಕ್ಕೆ, ಕೆರೆ ಏರಿಗೆ ಹೋಗಿ ಬರುವವರಿಗೆ ಹಾರ್ಡ್‌ಟೇಲೇ ಸರಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಹಾರ್ಡ್‌ಟೇಲ್‌ಗೂ ಹಿಂದೆ ಸಸ್ಪೆನ್ಷನ್ ಇಲ್ಲವೆಂದಲ್ಲ. ಒಂದು, ಸವಾರನ ಮೊಣಕಾಲು. ಕಲ್ಲು ಕಂಡ ಕೂಡಲೇ ಸೀಟಿನಿಂದ ತುಸು ಎದ್ದು ಮಂಡಿ ಸಡಿಲ ಬಿಟ್ಟರೆ ಅದಕ್ಕಿಂತ ಜಾಣ ಡ್ಯಾಂಪರ್ ಇನ್ನೊಂದಿಲ್ಲ. ಮತ್ತೊಂದು, ಟೈರು. ಜಾನ್ ಬಾಯ್ಡ್ ಡನ್ಲಪ್ 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದದ್ದೇ ಸವಾರಿಯ ಕುಲುಕಾಟ ತಗ್ಗಿಸಲು. ನಮ್ಮಲ್ಲಿ ಟೈರನ್ನು ಕಲ್ಲಿನ ಹಾಗೆ ಗಟ್ಟಿಯಾಗುವ ತನಕ ಹೊಡೆಸುವುದು ರೂಢಿ, ಹಾಗೆ ಮಾಡಿದರೆ ಆ ಉಪಯೋಗವೇ ಹೋಯಿತು. ಎರಡೂಕಾಲು ಇಂಚು ಅಗಲದ ಟೈರಿಗೆ ಮಣ್ಣಿನ ದಾರಿಯಲ್ಲಿ 30 ಪಿಎಸ್‌ಐ ಆಸುಪಾಸು ಸಾಕು. ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಹರಿಯುತ್ತದೆ. ಜಾಲಿ ಮುಳ್ಳಿನ ಕಾಟ ಹೇಗೂ ಇದ್ದೇ ಇದೆ, ಅದಕ್ಕೆ ಟ್ಯೂಬ್‌ಲೆಸ್ ಟೈರಿನೊಳಗೆ ಸೀಲೆಂಟ್, ಅಂದರೆ ತೂತು ಮುಚ್ಚುವ ದ್ರವ, ಹಾಕಿಸುವುದು ಒಳ್ಳೆಯದು.

ಆ ಕೆಂಪು ಸ್ಪ್ರಿಂಗಿನ ಸೈಕಲ್ ಕೈಬದಲಾಗಿ, ದೀಪಾವಳಿಯ ಹೊತ್ತಿಗೆ ಅಣ್ಣನ ಮನೆಗೆ 100 ಮಿಲಿಮೀಟರ್‌ನಷ್ಟು ಕುಗ್ಗಬಲ್ಲ ಫೋರ್ಕಿನ ಒಂದು ಹಾರ್ಡ್‌ಟೇಲ್ ಬಂತು. ಫೋರ್ಕಿನ ನುಣುಪಾದ ಕೊಳವೆಗೆ ಹುಡುಗ ಒಂದು ದಾರ ಕಟ್ಟಿಕೊಂಡ. ಫೋರ್ಕ್ ಕುಗ್ಗಿದಾಗ ದಾರ ಮೇಲಕ್ಕೆ ಸರಿದು ಅಲ್ಲೇ ನಿಲ್ಲುತ್ತದೆ, ಆ ದಿನದ ಅತಿ ದೊಡ್ಡ ಹೊಡೆತ ಎಷ್ಟಿತ್ತೆಂದು ಅಳೆಯಬಹುದು. ಮೊದಲ ದಿನ ಕೋಡಿಯ ಬಂಡೆಗಳ ಮೇಲಿಂದ ಇಳಿದು ಬಂದಾಗ ಅದು 85 ಮಿಲಿಮೀಟರ್‌ನಲ್ಲಿ ನಿಂತಿತ್ತು. ಈಗ ಹಿಂದಿನ ಟೈರಿನಲ್ಲಿ 28 ಪಿಎಸ್‌ಐ ಇದೆ. ಇನ್ನೂ ಎರಡು ಇಳಿಸಿ, ಅದೇ ಚಡಾವನ್ನು ಹತ್ತಿ ನೋಡಬೇಕೆಂದು ಹಟ ಹಿಡಿದಿದ್ದಾನೆ.