ಬಾಯಿಗೆ ಹಾಕುವ ಮದ್ದು ಕಿವಿಗೆ

ಮಗುವಿಗೆ ಕಿವಿನೋವು. ಒಳಗೆ ಸೋಂಕಾಗಿದೆ. ಡಾಕ್ಟರು ನೋಡಿ ಅಮಾಕ್ಸಿಸಿಲಿನ್ ಬರೆದರು. ಅದು ಬಾಯಿಗೆ ಹಾಕುವ ಔಷಧ. ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಅಲ್ಲಿಂದ ಕಿವಿಗೆ ತಲುಪಬೇಕು. ಆದರೆ ಡಾಕ್ಟರ ಭಾಷೆ ತಾಯಿಗೆ ಬರುತ್ತಿರಲಿಲ್ಲ. ನಡುವೆ ನಿಂತು ಮಾತು ದಾಟಿಸುತ್ತಿದ್ದವರು ಆಕೆಗೆ ಹೇಳಿದ್ದು ಹೀಗೆ: ಈ ಔಷಧವನ್ನು ಎರಡೂ ಕಿವಿಗೆ ಹಾಕಿ.

ತಾಯಿಗೆ ಅನುಮಾನ ಬರಲು ಕಾರಣವೇ ಇಲ್ಲ. ಕಿವಿನೋವು ಅಂದಮೇಲೆ ಮದ್ದು ಕಿವಿಗೇ ತಾನೇ?

ಇದು ಕಟ್ಟುಕಥೆಯಲ್ಲ. ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಾಡುವ ಕುಟುಂಬಗಳು ಮಕ್ಕಳನ್ನು ಡಾಕ್ಟರ ಬಳಿ ಕರೆತಂದಾಗ ನಡೆದ ಮಾತುಕತೆಗಳನ್ನು ಗ್ಲೆನ್ ಫ್ಲೋರೆಸ್ ಎಂಬ ಮಕ್ಕಳ ವೈದ್ಯರು ಮತ್ತು ಅವರ ತಂಡ ಧ್ವನಿಮುದ್ರಿಸಿ ಒಂದೊಂದೇ ಮಾತು ಬಿಡಿಸಿ ನೋಡಿದರು. 2003ರಲ್ಲಿ ಅದು ಪ್ರಕಟವಾಯಿತು. 13 ಭೇಟಿಗಳಲ್ಲಿ ಸಿಕ್ಕ ತಪ್ಪುಗಳು 396. ಒಂದು ಭೇಟಿಗೆ ಮೂವತ್ತಕ್ಕೂ ಹೆಚ್ಚು! ಅವುಗಳಲ್ಲಿ ಶೇ. 63ರಷ್ಟು ಚಿಕಿತ್ಸೆಯನ್ನೇ ಹದಗೆಡಿಸಬಹುದಾದಂಥವು. ಮುಖಕ್ಕೆ ಮಾತ್ರ ಹಚ್ಚಬೇಕಾದ ಹೈಡ್ರೋಕಾರ್ಟಿಸೋನ್ ಮುಲಾಮನ್ನು ಮೈತುಂಬಾ ಹಚ್ಚಿ ಎಂದದ್ದು ಒಂದು. ಔಷಧದ ಅಲರ್ಜಿ ಇದೆಯಾ ಎಂಬ ಪ್ರಶ್ನೆಯನ್ನೇ ನುಂಗಿಹಾಕಿದ್ದು ಇನ್ನೊಂದು.

ಆಸ್ಪತ್ರೆಯಲ್ಲಿ ವೈವಿಧ್ಯ, ಸಾಂಸ್ಕೃತಿಕ ಅರಿವು ಎಂದಾಗ ಜಾಸ್ತಿ ಜನಕ್ಕೆ ನೆನಪಾಗುವುದು ಸೌಜನ್ಯ. ನಗುಮುಖ, ಮೆತ್ತಗಿನ ಮಾತು, ಗೋಡೆಯ ಮೇಲೆ ಬೇರೆ ಬೇರೆ ಬಣ್ಣದ ಮುಖಗಳಿರುವ ಪೋಸ್ಟರು. ಅವೆಲ್ಲ ಇರಲಿ, ಒಳ್ಳೆಯದೇ. ಆದರೆ ನಾನು ಇದನ್ನು ಸೋಂಕು ತಡೆಯುವ ಕೆಲಸದ ಪಕ್ಕದಲ್ಲಿ ಇಡುತ್ತೇನೆ. ಕೈ ತೊಳೆಯಿರಿ ಎಂದು ವರ್ಷಕ್ಕೊಂದು ಭಾಷಣ ಮಾಡಿದರೆ ಯಾರ ಕೈಯೂ ಶುದ್ಧವಾಗುವುದಿಲ್ಲ. ಕೈಗೆ ಎಟಕುವ ಕಡೆ ನಲ್ಲಿ ಇರಬೇಕು, ಸೋಪು ಇರಬೇಕು. ಎದುರಿಗೆ ಕೂತ ರೋಗಿಯನ್ನು ಅರ್ಥ ಮಾಡಿಕೊಳ್ಳುವುದಕ್ಕೂ ಅಷ್ಟೇ. ಅದಕ್ಕೆ ದುಡ್ಡು ಬೇಕು, ಸಮಯ ಬೇಕು, ಜನ ಬೇಕು.

ದುಭಾಷಿಗಳ ವಿಷಯವನ್ನೇ ತಗೊಳ್ಳಿ. 2003ರ ಆ ಅಧ್ಯಯನದಲ್ಲಿ ಕೈಗೆ ಸಿಕ್ಕವರನ್ನು ಕರೆದು ನಿಲ್ಲಿಸಿದಾಗ ಆದ ತಪ್ಪುಗಳಲ್ಲಿ ಶೇ. 77 ಅಪಾಯದವು. ಆಸ್ಪತ್ರೆಯ ದುಭಾಷಿಗಳದ್ದು ಶೇ. 53. ಅದೂ ಕಡಿಮೆಯೇನಲ್ಲ, ಅಲ್ವಾ? ಫ್ಲೋರೆಸ್ ತಂಡ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಮತ್ತೆ ಹುಡುಕಿ 2012ರಲ್ಲಿ ಹೊಸ ಲೆಕ್ಕ ಕೊಟ್ಟಿತು. ವೃತ್ತಿಪರ ದುಭಾಷಿಗಳಲ್ಲಿ 100 ಗಂಟೆಗಿಂತ ಕಡಿಮೆ ತರಬೇತಿ ಪಡೆದವರ ತಪ್ಪುಗಳಲ್ಲಿ ಶೇ. 12 ಅಪಾಯದವು. 100 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಕಲಿತವರಲ್ಲಿ ಶೇ. 2 ಮಾತ್ರ. ಎಷ್ಟು ವರ್ಷದ ಅನುಭವ ಎಂಬುದಕ್ಕೂ ತಪ್ಪುಗಳಿಗೂ ನಂಟು ಕಾಣಲಿಲ್ಲ. ಎರಡು ಭಾಷೆ ಬರುವುದೇ ಒಂದು, ಒಂದರಿಂದ ಇನ್ನೊಂದಕ್ಕೆ ಮಾತು ಚೆಲ್ಲದಂತೆ ದಾಟಿಸುವುದೇ ಇನ್ನೊಂದು. ಎರಡನೆಯದನ್ನು ಕಲಿಸಬಹುದು, ಕಲಿಸಲೇಬೇಕು.

ಆದರೆ ವಾರ್ಡಿನಲ್ಲಿ ಆಗುವುದೇನು? ಭಾಷೆ ಬರುವ ನರ್ಸ್ ಒಬ್ಬರಿರುತ್ತಾರೆ. ಅವರು ಇಂಜೆಕ್ಷನ್ ಕೊಡುತ್ತಿರುವಾಗ ಪಕ್ಕದ ಕೋಣೆಯಿಂದ ಕರೆ ಬರುತ್ತದೆ: 'ಸ್ವಲ್ಪ ಬಂದು ಇವರಿಗೆ ಹೇಳಿ.' ಹೋಗುತ್ತಾರೆ, ಹೇಳುತ್ತಾರೆ, ಓಡಿ ವಾಪಸು ಬರುತ್ತಾರೆ. ಅದು ಅವರ ಸಂಬಳದಲ್ಲೂ ಇಲ್ಲ, ಕೆಲಸದ ಪಟ್ಟಿಯಲ್ಲೂ ಇಲ್ಲ. ನರ್ಸ್ ಇಲ್ಲದಿದ್ದರೆ ರೋಗಿಯ ಮಕ್ಕಳೇ ಗತಿ. ಅಮ್ಮನ ಗರ್ಭಕೋಶದಲ್ಲಿ ಗೆಡ್ಡೆ ಇದೆ ಎಂಬುದನ್ನು ಹತ್ತು ವರ್ಷದ ಮಗಳ ಬಾಯಿಂದ ಅಮ್ಮನಿಗೆ ಹೇಳಿಸುವುದನ್ನು ಯೋಚನೆ ಮಾಡಿ. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಭಾಷೆ ಸರಿಯಾಗಿ ದಾಟಿದರೂ ಅರ್ಥ ಹಿಂದೆ ಉಳಿದುಬಿಡಬಹುದು. ಅಮೆರಿಕದ ಸಿಯಾಟಲ್‌ನಲ್ಲಿ ಡ್ಯಾನ್ ಬ್ಲೂಮ್‌ಹೇಗನ್ ಎಂಬುವರು ಮಾಜಿ ಸೈನಿಕರ ಕ್ಲಿನಿಕ್ಕಿನಲ್ಲಿ ರಕ್ತದೊತ್ತಡದ ರೋಗಿಗಳನ್ನು ಮಾತಾಡಿಸಿದರು. ಅಧ್ಯಯನ 1980ರಲ್ಲಿ ಬಂತು. ಡಾಕ್ಟರದ್ದೂ ರೋಗಿಗಳದ್ದೂ ಒಂದೇ ಇಂಗ್ಲಿಷು. ಆದರೂ 'ಹೈಪರ್‌ಟೆನ್ಷನ್' ಎಂಬ ಪದ ಇಬ್ಬರ ತಲೆಯಲ್ಲೂ ಬೇರೆ ಬೇರೆ. ಡಾಕ್ಟರಿಗೆ ಅದು ರಕ್ತನಾಳದೊಳಗಿನ ಒತ್ತಡ. ಅನೇಕ ರೋಗಿಗಳಿಗೆ ಅದು ಟೆನ್ಷನ್ ಜಾಸ್ತಿಯಾಗಿ ಬರುವ ಕಾಯಿಲೆ. ಹಾಗೆ ನಂಬಿದವರು ಮನಸ್ಸು ಹಗುರವಾಗಿದ್ದ ದಿನ ಮಾತ್ರೆ ಯಾಕೆ ನುಂಗುತ್ತಾರೆ? ಅವರ ಲೆಕ್ಕದಲ್ಲಿ ಅದು ಸರಿಯೇ. ಸಂಸ್ಕೃತಿ ಅನ್ನುವುದು ದೂರದ ದೇಶದಿಂದ ಬಂದವರಿಗೆ ಮಾತ್ರ ಇರುವ ಸಂಗತಿ ಅಲ್ಲ ಎಂದು ನಾನು ಕಲಿತದ್ದು ಈ ಉದಾಹರಣೆಯಿಂದ.

ಇದಕ್ಕೆ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ಮತ್ತು ಸಂಗಡಿಗರು 1978ರಲ್ಲೇ ಸರಳ ದಾರಿ ತೋರಿಸಿದ್ದರು. ರೋಗಿಯನ್ನೇ ಕೇಳಿ ಅಂದರು. ಇದು ಯಾಕೆ ಬಂತು ಅಂತ ನಿಮಗೆ ಅನ್ನಿಸುತ್ತೆ? ಯಾಕೆ ಆಗಲೇ ಶುರುವಾಯಿತು? ಇದರಲ್ಲಿ ನಿಮಗೆ ಜಾಸ್ತಿ ಭಯ ಯಾವುದರದ್ದು? ಯಂತ್ರ ಬೇಡ, ಲ್ಯಾಬ್ ಬೇಡ. ನಾಲ್ಕೈದು ನಿಮಿಷ ಸಾಕು. ಆದರೆ ಆ ನಾಲ್ಕೈದು ನಿಮಿಷವನ್ನು ಡಾಕ್ಟರಿಗೆ ಕೊಡಬೇಕಾದವರು ಆಸ್ಪತ್ರೆ ನಡೆಸುವವರು. ಹೊರಗೆ ಸಾಲು ಬೆಳೆಯುತ್ತಿರುವಾಗ ಎಂಥ ಒಳ್ಳೆಯ ಡಾಕ್ಟರೂ ಕೇಳುವುದಿಲ್ಲ.

ಕೇಳುವುದನ್ನು ಬಿಟ್ಟು ಊಹೆ ಮಾಡಲು ಹೋದರೆ ಏನಾಗುತ್ತದೆ ಎಂಬುದನ್ನೂ ಕ್ಲೈನ್‌ಮನ್ ಬರೆದಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕೊ ಮೂಲದ ಒಬ್ಬ ತಂದೆ. ಅವನಿಗೂ ನಾಲ್ಕು ವರ್ಷದ ಮಗನಿಗೂ ಎಚ್‌ಐವಿ. ಹೆಂಡತಿ ಹಿಂದಿನ ವರ್ಷ ಏಡ್ಸ್‌ನಿಂದ ತೀರಿಕೊಂಡಿದ್ದಳು. ಮಗುವನ್ನು ತಂದೆ ಸರಿಯಾಗಿ ಕ್ಲಿನಿಕ್ಕಿಗೆ ಕರೆತರುತ್ತಿರಲಿಲ್ಲ. ವೈದ್ಯರಿಗೆ ಅನ್ನಿಸಿದ್ದು, ಇವನ ಸಂಸ್ಕೃತಿಯಲ್ಲಿ ಈ ರೋಗವನ್ನು ಬೇರೆ ರೀತಿ ನೋಡುತ್ತಾರೇನೋ ಎಂದು. ಒಬ್ಬ ಮಾನವಶಾಸ್ತ್ರಜ್ಞರನ್ನು ಕರೆಸಿದರು. ಮಾತಾಡಿದಾಗ ತಿಳಿದದ್ದೇ ಬೇರೆ. ಆ ತಂದೆಗೆ ರೋಗದ ಬಗ್ಗೆಯೂ ಚಿಕಿತ್ಸೆಯ ಬಗ್ಗೆಯೂ ಚೆನ್ನಾಗಿಯೇ ಗೊತ್ತಿತ್ತು. ಅವನು ಕಡಿಮೆ ಸಂಬಳದ ಬಸ್ ಚಾಲಕ. ಎಷ್ಟೋ ದಿನ ತಡರಾತ್ರಿಯ ಪಾಳಿ. ಕರೆದ ದಿನಗಳಲ್ಲೆಲ್ಲ ಬರಲು ಅವನಿಗೆ ಪುರುಸೊತ್ತೇ ಇರಲಿಲ್ಲ.

'ಈ ಜನಾಂಗದವರು ಹೀಗೆ, ಆ ಧರ್ಮದವರು ಹಾಗೆ' ಎಂದು ಪಟ್ಟಿ ಮಾಡಿ ಕಲಿಸುವ ತರಬೇತಿಗಳನ್ನು ಕಂಡರೆ ನನಗೆ ಹೆದರಿಕೆ ಇದಕ್ಕೇ. ಪಟ್ಟಿ ಕೈಯಲ್ಲಿದ್ದರೆ ಕೇಳುವ ಅಗತ್ಯವೇ ಕಾಣುವುದಿಲ್ಲ. ಮೆಲನಿ ಟರ್ವಲಾನ್ ಮತ್ತು ಜ್ಯಾನ್ ಮರ್ರೆ ಗಾರ್ಸಿಯಾ ಎಂಬ ಇಬ್ಬರು ವೈದ್ಯೆಯರು 1998ರಲ್ಲಿ 'ಸಾಂಸ್ಕೃತಿಕ ವಿನಯ' ಎಂಬ ಮಾತನ್ನು ಮುಂದಿಟ್ಟರು. ಇನ್ನೊಬ್ಬರ ಬದುಕನ್ನು ಪೂರ್ತಿ ಕಲಿತು ಮುಗಿಸಲು ಆಗುವುದಿಲ್ಲ, ಹಾಗಾಗಿ ಕಲಿಯುತ್ತಲೇ ಇರಬೇಕು ಎಂಬುದು ಅದರ ತಿರುಳು. ನನ್ನ ಮನಸ್ಸಿಗೆ ಒಪ್ಪುವ ಮಾತು ಇದು.

ಆಸ್ಪತ್ರೆಯ ಸಿಬ್ಬಂದಿಯಲ್ಲಿ ಎಲ್ಲ ಬಗೆಯ ಜನ ಇದ್ದರೆ ರೋಗಿಗೆ ಏನು ಲಾಭ? ಇದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಮಾರ್ಸೆಲಾ ಅಲ್ಸಾನ್ ಮತ್ತು ಸಂಗಡಿಗರು ಕ್ಷೌರದಂಗಡಿ, ಸಂತೆಗಳಿಗೆ ಹೋಗಿ ಕಪ್ಪುವರ್ಣೀಯ ಗಂಡಸರನ್ನು ಉಚಿತ ತಪಾಸಣೆಗೆ ಕರೆದರು. ಯಾರಿಗೆ ಕಪ್ಪುವರ್ಣೀಯ ಡಾಕ್ಟರು, ಯಾರಿಗೆ ಬೇರೆಯವರು ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದರು. ಮೊದಲು ಡಾಕ್ಟರ ಫೋಟೋ ಮಾತ್ರ ತೋರಿಸಿದಾಗ ಯಾವ ಪರೀಕ್ಷೆ ಬೇಕು ಎಂದು ಆರಿಸುವುದರಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಎದುರು ಕೂತು ಮಾತಾಡಿದ ಮೇಲೆ ವ್ಯತ್ಯಾಸ ಕಂಡಿತು. ತಮ್ಮಂಥದೇ ಡಾಕ್ಟರು ಸಿಕ್ಕವರು ಹೆಚ್ಚು ಪರೀಕ್ಷೆಗಳಿಗೆ ಒಪ್ಪಿದರು, ಅದರಲ್ಲೂ ರಕ್ತ ತೆಗೆಯುವಂಥವಕ್ಕೆ. ತಮ್ಮ ಕಷ್ಟಸುಖವನ್ನೂ ಜಾಸ್ತಿ ಹೇಳಿಕೊಂಡರು. ಪ್ರತಿ ರೋಗಿಗೂ ಅವರಂಥದೇ ಡಾಕ್ಟರನ್ನು ಹುಡುಕಿ ಕೊಡಲು ಆಗದು, ಕೊಡಬೇಕಾಗಿಯೂ ಇಲ್ಲ. ಆದರೆ ಇಡೀ ಆಸ್ಪತ್ರೆಯಲ್ಲಿ ತನ್ನಂಥವರು ಒಬ್ಬರೂ ಕಾಣದಿದ್ದರೆ ಮಾತು ಗಂಟಲಲ್ಲೇ ನಿಲ್ಲುತ್ತದೆ.

ಯಂತ್ರಗಳಿಗೂ ಈ ಕುರುಡು ಇದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಗೊತ್ತಲ್ಲ. ಅದು ಚರ್ಮದ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕವನ್ನು ಅಂದಾಜು ಮಾಡುತ್ತದೆ. ಚರ್ಮದ ಬಣ್ಣವೂ ಆ ಬೆಳಕನ್ನು ಹೀರುತ್ತದೆ. 2020ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಯಂತ್ರ ಆಮ್ಲಜನಕದ ಮಟ್ಟ ಶೇ. 92ರಿಂದ 96 ಎಂದು ತೋರಿಸಿದ ಸಂದರ್ಭಗಳನ್ನು ರಕ್ತಪರೀಕ್ಷೆಯ ಜೊತೆ ಹೋಲಿಸಿದರು. ಆ ಮಟ್ಟ ನಿಜವಾಗಿ ಶೇ. 88ಕ್ಕಿಂತ ಕೆಳಗೆ ಇದ್ದ ಸಂದರ್ಭಗಳು ಬಿಳಿಯರಲ್ಲಿ ಶೇ. 3.6, ಕಪ್ಪುವರ್ಣೀಯರಲ್ಲಿ ಶೇ. 11.7. ಈ ಯಂತ್ರಗಳ ಪರೀಕ್ಷೆಗೆ ಅಮೆರಿಕ ಸರ್ಕಾರ 2013ರಲ್ಲಿ ಕೊಟ್ಟ ಸೂಚನೆಯಲ್ಲಿ ಕೇಳಿದ್ದು ಕನಿಷ್ಠ 10 ಜನ. ಅವರಲ್ಲಿ ಕಡುಬಣ್ಣದ ಚರ್ಮದವರು ಇಬ್ಬರಿದ್ದರೆ ಸಾಕಿತ್ತು.

ಹಾಗಾಗಿ ಯಾವುದೇ ಆಸ್ಪತ್ರೆ ಹೊಸ ಫಾರಂ ಮಾಡುವಾಗ, ಯಂತ್ರ ಕೊಳ್ಳುವಾಗ, ವೇಳಾಪಟ್ಟಿ ಹಾಕುವಾಗ ಅದನ್ನು ಬಳಸಬೇಕಾದ ರೋಗಿಗಳನ್ನು ಮೊದಲೇ ಕೂರಿಸಿ ಕೇಳಲಿ. ಸುಮ್ನೆ ಹೆಸರಿಗೆ ಅಲ್ಲ. ಆ ಬಸ್ ಚಾಲಕನಂಥವರನ್ನು ಕರೆಯುವುದಾದರೆ ಸಭೆ ಅವರ ಪಾಳಿ ಇಲ್ಲದ ಹೊತ್ತಿನಲ್ಲಿ ಇರಲಿ. ಬಂದುಹೋಗುವ ಖರ್ಚನ್ನು ಆಸ್ಪತ್ರೆಯೇ ಕೊಡಲಿ.