ಟ್ರಂಕಿನಲ್ಲಿ ಉಳಿದ ಹಕ್ಕುಪತ್ರ: ಶರಾವತಿ ಮುಳುಗಡೆಯ ಉದ್ದದ ಕಥೆ

ಮಳೆ ಕೈಕೊಟ್ಟ ವರ್ಷ, ಬೇಸಿಗೆ ಕೊನೆಗೆ ಶರಾವತಿ ಹಿನ್ನೀರು ಕೆಳಗೆ ಹೋದಾಗ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. 1948ರಲ್ಲಿ ಮುಗಿದ ಕಟ್ಟೆ ಅದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತ ಮೇಲೆ ಊರು, ಗದ್ದೆಗಳ ಜತೆ ಅದೂ ಮುಳುಗಿತು. ಸುತ್ತ ಬಿರುಕುಬಿಟ್ಟ ಕೆಸರು, ಕರ್ರಗಾದ ಮರದ ಬೊಡ್ಡೆಗಳು. ಕೆಲವು ಕಡೆ ಹಳೆಯ ದಾರಿಯ ಗುರುತೂ ಸಿಗುತ್ತದೆ.

ಹಿರೇಭಾಸ್ಕರ ಕಟ್ಟೆ ಮುಗಿದ 1948ರಲ್ಲೇ, ಡಿಸೆಂಬರ್ 10ರಂದು, ವಿಶ್ವಸಂಸ್ಥೆ ಪ್ಯಾರಿಸ್‌ನಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಒಪ್ಪಿಕೊಂಡಿತು. 'ಎಲ್ಲ ಪುರುಷರು' ಎಂದಿದ್ದ ಕಡೆ 'ಎಲ್ಲ ಮಾನವರು' ಎಂದಾಗಬೇಕು ಅಂತ ಪಟ್ಟು ಹಿಡಿದವರು ನಮ್ಮ ದೇಶದ ಹಂಸಾ ಮೆಹ್ತಾ. ಯಾರ ಆಸ್ತಿಯನ್ನೂ ಮನಬಂದಂತೆ ಕಿತ್ತುಕೊಳ್ಳಬಾರದು ಎಂದು 17ನೇ ಕಲಮು ಹೇಳಿತು. ಊಟ, ಬಟ್ಟೆ, ಮನೆ, ಔಷಧ ಎಲ್ಲರಿಗೂ ಸಿಗಬೇಕು ಎಂದದ್ದು 25ನೆಯದು. 29ನೆಯದು ಸಮಾಜದ ಕಡೆ ನಮಗಿರುವ ಕರ್ತವ್ಯದ ಮಾತಾಡಿತು. ಹಕ್ಕು ಮತ್ತು ಹೊಣೆ ಎರಡೂ ಒಂದೇ ಕಾಗದದಲ್ಲಿದ್ದವು.

ಮಲೆನಾಡಿನವರು ಆ ಕಾಗದ ಓದಿ ಹಕ್ಕು ಕಲಿತವರಲ್ಲ. 1951ರಲ್ಲಿ ಸಾಗರದ ಪಕ್ಕದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಜಗಳ ಶುರುವಾಗಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ. ಅಳತೆಯಲ್ಲಿ ಮೋಸ ಆಗುತ್ತಿದೆ ಎಂಬ ಸಿಟ್ಟು ಉಳುವವನಿಗೇ ಭೂಮಿ ಬೇಕು ಎಂಬಲ್ಲಿಗೆ ಮುಟ್ಟಿತು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಶಾಂತವೇರಿ ಗೋಪಾಲಗೌಡರು ಜತೆಗೂಡಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅವರು ಕೇಳಿದ್ದು ಕಾನೂನಾಗಿ ಜಾರಿಗೆ ಬಂದದ್ದು 1974ರಲ್ಲಿ, ದೇವರಾಜ ಅರಸರ ಕಾಲದಲ್ಲಿ.

ಈ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹಿನ್ನೀರು ಬಂದದ್ದು 1964. ಉಳುವವನೇ ಹೊಲದೊಡೆಯ ಆದದ್ದು 1974. ಕಾಗೋಡಿನ ಗೇಣಿದಾರರ ಗದ್ದೆ ಅಲ್ಲೇ ಇತ್ತು, ಅರ್ಜಿ ಹಾಕಿದರು, ಪಡೆದರು. ಮುಳುಗಡೆ ಪ್ರದೇಶದ ಗೇಣಿದಾರರ ಗದ್ದೆ ಅಷ್ಟೊತ್ತಿಗೆ ಹತ್ತು ವರ್ಷದಿಂದ ನೀರಿನಡಿ ಇತ್ತು. ಅವರು ಯಾವ ಗದ್ದೆಗೆ ಅರ್ಜಿ ಹಾಕಬೇಕಿತ್ತು? ಈ ಹತ್ತು ವರ್ಷದ ಅಂತರ ನನ್ನನ್ನು ತುಂಬ ಕಾಡುತ್ತದೆ. ಇದರ ಬಗ್ಗೆ ಮಾತಾಡುವವರೂ ಕಡಿಮೆ.

ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ದುಡ್ಡಿನ ಪರಿಹಾರ ಅದರಲ್ಲಿತ್ತು, ಪುನರ್ವಸತಿಯ ಮಾತೇ ಇರಲಿಲ್ಲ. ಕೂಲಿ ಮಾಡಿ ಬದುಕುತ್ತಿದ್ದವರು ಲೆಕ್ಕಕ್ಕೇ ಬರಲಿಲ್ಲ. ಲಾರಿಯಲ್ಲಿ ಪಾತ್ರೆ, ದನಕರು ಸಮೇತ ತಂದು ಕಾಡಿನ ನಡುವೆ ಇಳಿಸಿ ಹೋದರು ಅಂತ ಹಿರಿಯರು ಈಗಲೂ ಹೇಳುತ್ತಾರೆ. ಕಾಡು ಕಡಿದು, ಮನೆ ಕಟ್ಟಿ, ಅಡಿಕೆ ಸಸಿ ನೆಟ್ಟರು. ಅತ್ತ ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟ್‌ವರೆಗೆ ಬೆಳೆದು ನಾಡಿಗೆಲ್ಲ ಬೆಳಕು ಕೊಟ್ಟಿತು.

ಆ ಕುಟುಂಬಗಳಲ್ಲಿ ಒಂದರ ಹಕ್ಕುಪತ್ರ ನೋಡಿದ್ದೇನೆ. ಮನೆಯ ಯಜಮಾನರು ಟ್ರಂಕಿನಿಂದ ತೆಗೆದರು. ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕು ಮಡಿಕೆಯ ಕಾಗದ, ಮಡಿಕೆಗಳಲ್ಲಿ ಹರಿದು ಹಿಂದಿನಿಂದ ಗೋಂದು ಹಚ್ಚಿ ಅಂಟಿಸಿದ್ದು. ಅಪ್ಪನ ಹೆಸರು ನೀಲಿ ಶಾಯಿಯಲ್ಲಿ ಮಾಸಿತ್ತು. "ಬೆಳೆ ಸಾಲಕ್ಕೆ ಹೋದರೆ ಪಹಣಿ ತನ್ನಿ ಅಂತಾರೆ. ಪಹಣಿಯಲ್ಲಿ ಅರಣ್ಯ ಅಂತ ಇದೆ. ಹಾಗಾದ್ರೆ ಈ ತೋಟ ಯಾರದ್ದು?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ 1980ರಲ್ಲಿದೆ. ಆ ವರ್ಷ ವಿಶ್ವಬ್ಯಾಂಕ್ ಮೊದಲ ಬಾರಿ ಪುನರ್ವಸತಿಗೆ ನೀತಿ ಬರೆಯಿತು. ಊರು ಬಿಡಬೇಕಾದವರ ಬದುಕು ಮೊದಲಿನಷ್ಟಾದರೂ ಇರಬೇಕು ಎಂಬುದು ಅದರ ತಿರುಳು. ಬ್ರೆಜಿಲ್‌ನ ಸೋಬ್ರಾಡಿನ್ಹೋ ಅಣೆಕಟ್ಟೆಯಿಂದ ಎದ್ದುಹೋದ ಜನರ ಪಾಡು ಅದಕ್ಕೆ ಒಂದು ಕಾರಣ. ಅದೇ ವರ್ಷ ಭಾರತದಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಕಾಡು ಉಳಿಯಲು ಅದು ಬೇಕೇ ಬೇಕಿತ್ತು. ಆದರೆ ಮುಳುಗಡೆಯವರಿಗೆ ಕೊಟ್ಟ ಜಾಗ ಇಲಾಖೆಯ ಲೆಕ್ಕದಲ್ಲಿ ಇನ್ನೂ ಅರಣ್ಯವಾಗಿಯೇ ಇತ್ತು. ಅದನ್ನು ಕಂದಾಯ ಭೂಮಿ ಮಾಡಲು ಈಗ ದೆಹಲಿಯ ಒಪ್ಪಿಗೆ ಬೇಕಾಯಿತು. ರಾಜ್ಯ ಸರ್ಕಾರ ಆ ಒಪ್ಪಿಗೆ ಪಡೆಯದೇ ಅರಣ್ಯದಿಂದ ಬಿಡಿಸಿ ಆದೇಶ ಹೊರಡಿಸಿತು. 2021ರಲ್ಲಿ ಹೈಕೋರ್ಟ್ ಅಂಥ ಆದೇಶಗಳನ್ನು ರದ್ದು ಮಾಡಿತು. ಕಚೇರಿಯಲ್ಲಿ ಆದ ತಪ್ಪಿಗೆ ಬೆಲೆ ಕೊಟ್ಟವರು ತೋಟದಲ್ಲಿದ್ದವರು.

ಹೊರಗೆ ಜಗತ್ತು ಸುಮ್ಮನೆ ಕೂತಿರಲಿಲ್ಲ. 1986ರ ಡಿಸೆಂಬರ್ 4ರಂದು ವಿಶ್ವಸಂಸ್ಥೆ ಅಭಿವೃದ್ಧಿಯ ಹಕ್ಕಿನ ಘೋಷಣೆ ಮಾಡಿತು. 146 ದೇಶಗಳು ಪರ, ಅಮೆರಿಕ ಒಂದೇ ವಿರುದ್ಧ, 8 ದೇಶಗಳು ತಟಸ್ಥ. ಅಭಿವೃದ್ಧಿಯ ನಡುವೆ ಇರಬೇಕಾದವನು ಮನುಷ್ಯ, ಅವನು ಅದರಲ್ಲಿ ಪಾಲ್ಗೊಳ್ಳಬೇಕು, ಫಲವನ್ನೂ ಉಣ್ಣಬೇಕು ಎಂದಿತು ಅದು. ವಿಶ್ವಬ್ಯಾಂಕಿನ ಸಾಲದಲ್ಲಿ ಏಳುತ್ತಿದ್ದ ಸರ್ದಾರ್ ಸರೋವರ ಅಣೆಕಟ್ಟೆಯ ವಿರುದ್ಧ ನರ್ಮದೆಯ ಜನ ಅದೇ ಮಾತನ್ನು ಬೀದಿಗೆ ತಂದರು. ಬ್ಯಾಂಕೇ ನೇಮಿಸಿದ ಮೋರ್ಸ್ ಸಮಿತಿಯ 1992ರ ವರದಿ ಅವರ ದೂರನ್ನು ಎತ್ತಿಹಿಡಿಯಿತು, ಮರುವರ್ಷ ಭಾರತ ಉಳಿದ ಸಾಲ ಬೇಡ ಎಂದಿತು. ಬ್ಯಾಂಕಿನ ಮೇಲೇ ದೂರು ಕೊಡಬಹುದಾದ ತಪಾಸಣಾ ಮಂಡಳಿ ಹುಟ್ಟಿದ್ದೂ 1993ರಲ್ಲೇ. ಅಲ್ಲಿಯವರೆಗೆ ನೊಂದವರಿಗೆ ಹೋಗಲು ಬಾಗಿಲೇ ಇರಲಿಲ್ಲ. ಹಕ್ಕು ಬರೆಯುವಾಗ ಅದನ್ನು ಈಡೇರಿಸುವ ಹೊಣೆ ಯಾರದು ಎಂದು ಹೆಸರು ಹಿಡಿದು ಬರೆಯಬೇಕು. ಇಲ್ಲದಿದ್ದರೆ ಅದು ಟ್ರಂಕಿನಲ್ಲೇ ಉಳಿಯುತ್ತದೆ.

2000ದಲ್ಲಿ ಅಣೆಕಟ್ಟೆಗಳ ಜಾಗತಿಕ ಆಯೋಗ ಒಂದು ಅಂದಾಜು ಕೊಟ್ಟಿತು. ದೊಡ್ಡ ಅಣೆಕಟ್ಟೆಗಳಿಂದ ಊರು ಬಿಟ್ಟವರು 4 ಕೋಟಿಯಿಂದ 8 ಕೋಟಿ. ನಡುವೆ 4 ಕೋಟಿ ಜನರ ವ್ಯತ್ಯಾಸ! ಅಷ್ಟು ಜನರನ್ನು ಸರಿಯಾಗಿ ಎಣಿಸಿದವರೇ ಇಲ್ಲ, ಅಲ್ವಾ?

ನಮ್ಮಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ ಆಸೆ ಹುಟ್ಟಿಸಿತು. ಬುಡಕಟ್ಟಿನವರಲ್ಲದವರು ಅದರಲ್ಲಿ 75 ವರ್ಷದ, ಅಂದರೆ ಮೂರು ತಲೆಮಾರಿನ, ವಾಸ ತೋರಿಸಬೇಕು. ಅರವತ್ತರ ದಶಕದಲ್ಲಿ ಸರ್ಕಾರವೇ ತಂದು ಬಿಟ್ಟವರು 1930ರ ದಾಖಲೆ ಎಲ್ಲಿಂದ ತರುವುದು? 2013ರ ಭೂಸ್ವಾಧೀನ ಕಾಯ್ದೆ ಗೇಣಿದಾರರನ್ನೂ ಕೂಲಿಯವರನ್ನೂ ಸಂತ್ರಸ್ತರೆಂದು ಒಪ್ಪಿತು. ಸಾಮಾಜಿಕ ಪರಿಣಾಮದ ಅಧ್ಯಯನ ಕಡ್ಡಾಯವಾಯಿತು. ಖಾಸಗಿ ಯೋಜನೆಗೆ ಶೇ. 80 ಕುಟುಂಬಗಳ ಒಪ್ಪಿಗೆ ಬೇಕು, ಪೂರ್ತಿ ಸರ್ಕಾರದ್ದೇ ಆದರೆ ಬೇಡ. ಹಳೆಯ ಮುಳುಗಡೆಗೆ ಇದ್ಯಾವುದೂ ತಾಗಲಿಲ್ಲ.

2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸೇತುವೆ ಬಂತು. ಹಿನ್ನೀರಿನ ಆಚೆಯ ತುಮರಿ ಕಡೆಯವರು ಅಷ್ಟು ವರ್ಷ ಆಸ್ಪತ್ರೆಗೂ ಲಾಂಚನ್ನೇ ಕಾಯಬೇಕಿತ್ತು. ಅದೇ ಕಣಿವೆಯಲ್ಲೀಗ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು. ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಬೇಡಿಕೆ ಜಾಸ್ತಿ ಇದ್ದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು. ಸುರಂಗ ಹಾದುಹೋಗುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಈ ಸಲ ಸಾರ್ವಜನಿಕ ಅಹವಾಲು ಸಭೆಯಾದರೂ ನಡೆಯಿತು. ಹೊಸ ಸುರಂಗಕ್ಕೆ ಮೊದಲು ಹಳೆಯ ಲೆಕ್ಕ ಮುಗಿಯಬೇಕು ಎಂಬುದು ನನ್ನ ಒತ್ತಾಯ. ಅರಣ್ಯ, ಕಂದಾಯ ಇಲಾಖೆಗಳು ಜಂಟಿ ಸರ್ವೆ ಮುಗಿಸಿ, ಮನೆಮನೆಯ ಕಡತ ದೆಹಲಿಗೆ ಕಳಿಸಿ, ಪಹಣಿ ಕೈಗೆ ಬರುವ ದಿನಾಂಕ ಹೇಳಲಿ. ಲಾರಿ ಹತ್ತಿದಾಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ.